ಪಂದ್ಯದ ಕುದುರೆಗಳಲ್ಲಿ ನಿಷಿದ್ಧ ಮದ್ದಿನ ಬಳಕೆ ಹಾಗೂ ವಿಷಬಾಧೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ರಾಜ್ಯದಲ್ಲಿ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಕುದುರೆ ಪಂದ್ಯಗಳು ನಡೆಯುತ್ತವೆ. ಪಂದ್ಯದ ಕುದುರೆಗಳಲ್ಲದೆ ಸವಾರಿ ಶಾಲೆಗಳ ಕುದುರೆಗಳು, ಮೈಸೂರಿನ ಟಾಂಗಾ ಕುದುರೆಗಳು, ಮೆರವಣಿಗೆಗೆ ಬಾಡಿಗೆ ನೀಡುವ ಕುದುರೆಗಳು ಹಾಗೂ ಪಂದ್ಯದಿಂದ ನಿವೃತ್ತಿ ಹೊಂದಿ ಖಾಸಗಿಯವರ ಕೈ ಸೇರಿದ ಕುದುರೆಗಳು ಸಹ ಪಶುವೈದ್ಯ ಸಂಸ್ಥೆಗಳ ಸೇವೆಗೆ ಅರ್ಹವಾಗಿರುತ್ತವೆ. ಇವುಗಳ ಮಾಲೀಕರು, ತರಬೇತುದಾರರು, ಲಾಯದ ಸೈಸ್‌ಗಳು ಹಾಗೂ ಮೇವು ಮಾರಾಟಗಾರರು ಚಿಕಿತ್ಸೆ, ಮಾದರಿ ಪರೀಕ್ಷೆ ಅಥವಾ ಮರಣೋತ್ತರ ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವ ಮೊದಲು ತಿಳಿದಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಪಂದ್ಯದಲ್ಲಿ ಗೆಲ್ಲುವ ದುರಾಸೆಯಿಂದ ಕುದುರೆಗೆ ಗುಟ್ಟಾಗಿ ನೀಡುವ ವಸ್ತುವೇ ಉದ್ದೀಪನ ಮದ್ದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದು ಪೂರ್ಣ ಸತ್ಯವಲ್ಲ. ಕಾಯಿಲೆಗೆ ನೀಡಿದ ಔಷಧ, ಮೇವಿನೊಡನೆ ಬಂದ ಕಲಬೆರಕೆ, ಸೈಸ್‌ನ ಕೈಗೆ ಹಚ್ಚಿದ ಮುಲಾಮು ಇವುಗಳೂ ಕುದುರೆಯ ರಕ್ತ ಮೂತ್ರಗಳಲ್ಲಿ ಅದೇ ರೀತಿ ಕಾಣಿಸಿಕೊಳ್ಳುತ್ತವೆ. ಪ್ರಯೋಗಾಲಯದ ಯಂತ್ರವು ವಸ್ತುವನ್ನು ಗುರುತಿಸುತ್ತದೆ, ಉದ್ದೇಶವನ್ನು ಗುರುತಿಸುವುದಿಲ್ಲ. ಆದ್ದರಿಂದ ಕುದುರೆಯ ದೇಹಕ್ಕೆ ಯಾವ ವಸ್ತು, ಯಾವ ದಿನ, ಯಾರ ಕೈಯಿಂದ, ಎಷ್ಟು ಪ್ರಮಾಣದಲ್ಲಿ ಹೋಯಿತೆಂಬುದಕ್ಕೆ ಲಿಖಿತ ದಾಖಲೆ ಇಲ್ಲದ ಮಾಲೀಕರು ತಮ್ಮ ನಿರ್ದೋಷಿತ್ವವನ್ನು ತೋರಿಸುವುದು ಬಹಳ ಕಷ್ಟವಾಗುತ್ತದೆ.

ನಿಷಿದ್ಧ ವಸ್ತು ಎಂದರೇನು

ಕುದುರೆಯ ನರಮಂಡಲ, ಹೃದಯ, ಉಸಿರಾಟ, ಸ್ನಾಯು, ಮೂಳೆ, ರಕ್ತ ಮೊದಲಾದವುಗಳ ಮೇಲೆ ಪರಿಣಾಮ ಬೀರಬಲ್ಲ ಯಾವುದೇ ವಸ್ತು ಪಂದ್ಯದ ದಿನ ಅದರ ದೇಹದಲ್ಲಿ ಇರಕೂಡದೆಂಬುದು ಅಂತರರಾಷ್ಟ್ರೀಯ ಅಶ್ವಪಂದ್ಯ ಪ್ರಾಧಿಕಾರಗಳ ಒಕ್ಕೂಟದ ಒಡಂಬಡಿಕೆಯ ತಿರುಳು. ಪ್ರಚೋದಕಗಳು ಮಾತ್ರವಲ್ಲದೆ ನೋವು ನಿವಾರಕಗಳು, ಸ್ಥಳೀಯ ಅರಿವಳಿಕೆಗಳು, ಮತ್ತು ಬರಿಸುವ ಔಷಧಗಳು, ಸ್ಟೀರಾಯ್ಡ್‌ಗಳು ಸಹ ಇದರ ವ್ಯಾಪ್ತಿಗೆ ಬರುತ್ತವೆ. ಕುದುರೆಯನ್ನು ವೇಗಗೊಳಿಸುವುದು ಹೇಗೆ ಮೋಸವೋ ಅದನ್ನು ಬೇಕೆಂದೇ ನಿಧಾನಗೊಳಿಸುವುದೂ ಹಾಗೆಯೇ ಮೋಸ. ನೋವನ್ನು ಮರೆಸುವ ಮದ್ದು ಇವೆರಡಕ್ಕಿಂತಲೂ ಅಪಾಯಕರ. ನೋವು ತಿಳಿಯದ ಕುದುರೆ ಬಿರುಕು ಬಿಟ್ಟ ಮೂಳೆಯ ಮೇಲೆಯೇ ಪೂರ್ಣ ವೇಗದಲ್ಲಿ ಓಡುತ್ತದೆ. ಮೂಳೆ ಮುರಿದಲ್ಲಿ ಕುದುರೆಯೊಂದಿಗೆ ಜಾಕಿಯ ಪ್ರಾಣಕ್ಕೂ ಸಂಚಕಾರ.

ಕೆಲವು ವಸ್ತುಗಳು ಮೇವಿನಲ್ಲಿ ಅಥವಾ ದೇಹದಲ್ಲಿ ಸಹಜವಾಗಿಯೇ ಇರುವುದರಿಂದ ಅವುಗಳಿಗೆ ಮಿತಿ ಗೊತ್ತುಪಡಿಸಲಾಗಿದೆ. ಸದರಿ ಒಡಂಬಡಿಕೆಯ ಪ್ರಕಾರ ಒಂದು ಮಿಲಿಲೀಟರ್ ಮೂತ್ರದಲ್ಲಿ ಆರ್ಸೆನಿಕ್ 0.3 ಮೈಕ್ರೋಗ್ರಾಂ, ಕೋಬಾಲ್ಟ್ 0.1 ಮೈಕ್ರೋಗ್ರಾಂ, ಥಿಯೋಬ್ರೊಮಿನ್ 2 ಮೈಕ್ರೋಗ್ರಾಂ ಮೀರುವಂತಿಲ್ಲ. ಸ್ಯಾಲಿಸಿಲಿಕ್ ಆಮ್ಲಕ್ಕೆ ಮಾತ್ರ 750 ಮೈಕ್ರೋಗ್ರಾಂವರೆಗೆ ಅವಕಾಶವಿದೆ. ಲೂಸರ್ನ್ ಎಂದೂ ಕರೆಯುವ ಕುದುರೆಮಸಾಲೆ ಸೊಪ್ಪಿನಲ್ಲಿಯೇ ಇದರ ಅಂಶ ಇರುವುದು ಅದಕ್ಕೆ ಕಾರಣ. ಅಡಿಗೆ ಸೋಡಾವನ್ನು ನೀರಿನಲ್ಲಿ ಕದಡಿ ಮೂಗಿನ ಕೊಳವೆಯ ಮೂಲಕ ಹೊಟ್ಟೆಗೆ ಇಳಿಸಿ ಸ್ನಾಯುಗಳ ದಣಿವನ್ನು ಮುಂದೂಡುವ ಕುತಂತ್ರವೊಂದಿದೆ. ಇದನ್ನು ಹಿಡಿಯುವುದಕ್ಕಾಗಿ ರಕ್ತದ್ರವದಲ್ಲಿನ ಇಂಗಾಲದ ಡೈಆಕ್ಸೈಡ್‌ಗೆ ಲೀಟರಿಗೆ 36 ಮಿಲಿಮೋಲ್‌ಗಳ ಮಿತಿ ಇಡಲಾಗಿದೆ.

ಬಿ12 ಜೀವಸತ್ವದ ಒಂದು ಭಾಗವೇ ಕೋಬಾಲ್ಟ್ ಆಗಿರುವುದರಿಂದ ಕೋಬಾಲ್ಟ್ ವಿಷಯದಲ್ಲಿ ಗೊಂದಲ ಹೆಚ್ಚು. ರಕ್ತಕಣಗಳನ್ನು ವೃದ್ಧಿಸುತ್ತದೆಂಬ ನಂಬಿಕೆಯಿಂದ ಕೋಬಾಲ್ಟ್ ಲವಣವನ್ನು ಮಿತಿಮೀರಿ ನೀಡಿದಲ್ಲಿ ಅದು ಟಾನಿಕ್ ಆಗಿ ಉಳಿಯದೆ ವಿಷವಾಗುತ್ತದೆ.

ಮಾದರಿ ಸಂಗ್ರಹ

ಪಂದ್ಯದ ನಂತರ ಆಯ್ದ ಕುದುರೆಗಳಿಂದ ಮೂತ್ರ ಅಥವಾ ರಕ್ತದ ಮಾದರಿ ಪಡೆಯಲಾಗುತ್ತದೆ. ಕುದುರೆ ಮೂತ್ರ ವಿಸರ್ಜಿಸುವಂತೆ ಸೈಸ್ ಸಣ್ಣಗೆ ಸಿಳ್ಳೆ ಹಾಕುವುದು ಲಾಯಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಅಭ್ಯಾಸ. ಇಂದಿಗೂ ಅದಕ್ಕಿಂತ ಉತ್ತಮ ಉಪಾಯ ದೊರೆತಿಲ್ಲ. ಮಾದರಿಯನ್ನು ಎರಡು ಭಾಗ ಮಾಡಿ ಮೊಹರು ಹಾಕಲಾಗುತ್ತದೆ. ಮೊದಲ ಭಾಗದಲ್ಲಿ ನಿಷಿದ್ಧ ವಸ್ತು ಕಂಡುಬಂದಲ್ಲಿ ಎರಡನೆಯ ಭಾಗದ ಪರೀಕ್ಷೆಯನ್ನು ಸಂಬಂಧಪಟ್ಟವರು ಕೋರಬಹುದು. ಮೊಹರು ಹಾಕುವಾಗ ಮಾಲೀಕರ ಅಥವಾ ತರಬೇತುದಾರರ ಪರವಾಗಿ ಒಬ್ಬರು ಹಾಜರಿದ್ದು ಸಂಖ್ಯೆಗಳನ್ನು ತಾಳೆ ನೋಡಿ ಸಹಿ ಮಾಡುವುದು ಅತ್ಯಗತ್ಯ. ಸಹಿ ಮಾಡಿದ ನಂತರ ಮೊಹರಿನ ಬಗ್ಗೆ ತಕರಾರು ಎತ್ತಿದರೆ ಅದಕ್ಕೆ ಹೆಚ್ಚಿನ ಬೆಲೆ ಇರುವುದಿಲ್ಲ.

ನವದೆಹಲಿಯ ರಾಷ್ಟ್ರೀಯ ಉದ್ದೀಪನ ಮದ್ದು ಪರೀಕ್ಷಾ ಪ್ರಯೋಗಾಲಯವು ಕ್ರೀಡಾಪಟುಗಳ ಮಾದರಿಗಳೊಂದಿಗೆ ಕುದುರೆಗಳ ಮಾದರಿಗಳನ್ನೂ ಪರೀಕ್ಷಿಸುತ್ತದೆ. ಪಂದ್ಯದ ಫಲಿತಾಂಶ, ಅನರ್ಹತೆ, ಬಹುಮಾನದ ಹಣ, ತರಬೇತುದಾರರ ಪರವಾನಗಿ ಇವು ಆಯಾ ಟರ್ಫ್ ಕ್ಲಬ್ಬಿನ ಸ್ಟೀವರ್ಡ್‌ಗಳ ಅಧಿಕಾರಕ್ಕೆ ಒಳಪಟ್ಟಿವೆ. ಈ ವಿಷಯಗಳ ಬಗ್ಗೆ ಪಶುವೈದ್ಯ ಸಂಸ್ಥೆಗಳಿಗೆ ಅರ್ಜಿ ಸಲ್ಲಿಸುವುದರಿಂದ ಅರ್ಜಿದಾರರ ಕಾಲಹರಣವಾಗುವುದೇ ವಿನಾ ಪರಿಹಾರ ದೊರೆಯುವುದಿಲ್ಲ.

ಔಷಧವೇ ತೊಡಕಾಗುವ ಸಂದರ್ಭಗಳು

ಗಾಯಕ್ಕೆ ಅಥವಾ ಸೋಂಕಿಗೆ ನೀಡುವ ಪ್ರೊಕೇನ್ ಪೆನಿಸಿಲಿನ್ ಚುಚ್ಚುಮದ್ದು ಎಲ್ಲರಿಗೂ ಪರಿಚಿತ. ಇದರಲ್ಲಿರುವ ಪ್ರೊಕೇನ್ ಸ್ಥಳೀಯ ಅರಿವಳಿಕೆ. ಕುಂಟುವ ಕಾಲಿನ ನರಕ್ಕೆ ಅದನ್ನು ನೇರವಾಗಿ ಚುಚ್ಚಿದಲ್ಲಿ ನೋವು ಮರೆಯಾಗುತ್ತದೆ. ಸ್ನಾಯುವಿಗೆ ಪೆನಿಸಿಲಿನ್ ನೀಡಿದ ಕುದುರೆಯ ಮೂತ್ರದಲ್ಲಿಯೂ ಪ್ರೊಕೇನ್ ಹಲವು ದಿನಗಳು, ಕೆಲವೊಮ್ಮೆ ವಾರಗಟ್ಟಲೆ ಉಳಿಯಬಹುದು. 2017ರಲ್ಲಿ ಬೆಂಗಳೂರಿನಲ್ಲಿ ಓಡಿದ ಕುದುರೆಯೊಂದರ ಮಾದರಿಯಲ್ಲಿ ಪ್ರೊಕೇನ್ ಕಂಡುಬಂದ ಪ್ರಕರಣ ಪೊಲೀಸ್ ದೂರಿನವರೆಗೆ ಹೋಗಿತ್ತು. ರೋಗವು ಗುಣವಾದ ದಿನವೇ ಔಷಧವೂ ದೇಹದಿಂದ ಹೊರಹೋಯಿತೆಂದು ಭಾವಿಸುವುದು ಸರಿಯಲ್ಲ.

ಅಮೆರಿಕದ ಕೆಂಟಕಿ ಡರ್ಬಿಯ ಇತಿಹಾಸದಲ್ಲಿ 1968ರಲ್ಲಿ ಮೊದಲು ಗುರಿ ಮುಟ್ಟಿದ ಡಾನ್ಸರ್ಸ್ ಇಮೇಜ್ ಎಂಬ ಕುದುರೆಯು ಫಿನೈಲ್‌ಬ್ಯುಟಜೋನ್ ಎಂಬ ನೋವು ನಿವಾರಕದ ಕಾರಣದಿಂದ ಅನರ್ಹಗೊಂಡಿತು. 2021ರಲ್ಲಿ ಅದೇ ಪಂದ್ಯದಲ್ಲಿ ಮೊದಲು ಬಂದ ಮೆಡಿನಾ ಸ್ಪಿರಿಟ್ ಎಂಬ ಕುದುರೆಯಲ್ಲಿ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಪತ್ತೆಯಾಯಿತು. ಇದು ಕೀಲಿಗೆ ಚುಚ್ಚಿದ್ದಲ್ಲ, ಚರ್ಮರೋಗಕ್ಕೆ ಹಚ್ಚಿದ ಮುಲಾಮಿನಿಂದ ಬಂದದ್ದು ಎಂದು ಕುದುರೆಯ ಪರವಾಗಿ ವಾದಿಸಲಾಯಿತು. ಆದಾಗ್ಯೂ 2022ರ ಫೆಬ್ರುವರಿಯಲ್ಲಿ ಆ ಗೆಲುವನ್ನು ರದ್ದುಪಡಿಸಲಾಯಿತು. ಆ ವೇಳೆಗೆ ಕುದುರೆಯೂ ಬದುಕಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ತಾಲೀಮಿನ ನಂತರ ಅದು ಮೃತಪಟ್ಟಿತ್ತು.

ಮುಲಾಮಿನ ವಿಚಾರವನ್ನು ಇಲ್ಲಿನ ಲಾಯಗಳವರು ವಿಶೇಷವಾಗಿ ಗಮನಿಸತಕ್ಕದ್ದು. ತುರಿಕೆ, ಹುಳುಕಡ್ಡಿಗೆಂದು ಔಷಧ ಅಂಗಡಿಗಳಲ್ಲಿ ಕೊಳ್ಳುವ ಹಲವು ಮುಲಾಮುಗಳಲ್ಲಿ ಬೀಟಾಮೆಥಸೋನ್ ಅಥವಾ ಕ್ಲೊಬೆಟಸೋಲ್ ಇರುತ್ತದೆ. ಅದನ್ನು ಕೈಗೆ ಹಚ್ಚಿಕೊಂಡ ಸೈಸ್ ಅದೇ ಕೈಯಿಂದ ಕುದುರೆಯ ಬಾಯಿಗೆ ಕಡಿವಾಣ ತೊಡಿಸುತ್ತಾನೆ. ನೋವಿನ ಮಾತ್ರೆ ಸೇವಿಸುವ ಕೆಲಸಗಾರರು ಲಾಯದ ಮೂಲೆಯಲ್ಲಿಯೇ ಮೂತ್ರ ವಿಸರ್ಜಿಸಿದಾಗ ಆ ಹುಲ್ಲನ್ನು ಮೆಲ್ಲುವ ಕುದುರೆಯ ಮಾದರಿಯಲ್ಲಿ ಮನುಷ್ಯರ ಔಷಧ ಕಂಡುಬಂದ ನಿದರ್ಶನಗಳು ವಿದೇಶಗಳಲ್ಲಿ ವರದಿಯಾಗಿವೆ. ಕೆಲಸಗಾರರಿಗೆ ಪ್ರತ್ಯೇಕ ಶೌಚಾಲಯ ಹಾಗೂ ಕೈ ತೊಳೆಯುವ ನೀರಿನ ವ್ಯವಸ್ಥೆ ಒದಗಿಸಿದ ಮೇಲೆಯೇ ಅವರ ಮೇಲೆ ತಪ್ಪು ಹೊರಿಸುವುದು ನ್ಯಾಯವಾಗುತ್ತದೆ.

ಉದ್ದೇಶಪೂರ್ವಕ ಬಳಕೆಯ ಪ್ರಕರಣಗಳಿಗೂ ಕೊರತೆಯಿಲ್ಲ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಪ್ರತಿಷ್ಠಿತ ಲಾಯವೊಂದರ ತರಬೇತುದಾರರು ಕುದುರೆಗಳಿಗೆ ಅನಬಾಲಿಕ್ ಸ್ಟೀರಾಯ್ಡ್ ನೀಡಿದ್ದಕ್ಕಾಗಿ 2013ರಲ್ಲಿ 8 ವರ್ಷಗಳ ನಿಷೇಧಕ್ಕೆ ಗುರಿಯಾದರು.

ಮೇವು ಹಾಗೂ ಪರಿಸರದಿಂದ ಬರುವ ವಿಷ

ಕೋಳಿ ಸಾಕಾಣಿಕೆಯಲ್ಲಿ ರಕ್ತಭೇದಿ ತಡೆಗೆ ಆಹಾರದೊಡನೆ ಬೆರೆಸುವ ಮೊನೆನ್ಸಿನ್, ಸಲಿನೊಮೈಸಿನ್ ಎಂಬ ವಸ್ತುಗಳು ಕುದುರೆಗೆ ಕಡು ವಿಷ. ಕೋಳಿಯು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 200 ಮಿಲಿಗ್ರಾಂ ಮೊನೆನ್ಸಿನ್‌ನಿಂದ ಸಾಯುವುದಾದರೆ ಕುದುರೆಗೆ 2ರಿಂದ 3 ಮಿಲಿಗ್ರಾಂ ಸಾಕು. ಲೆಕ್ಕ ಹಾಕಿ ನೋಡಿದಲ್ಲಿ 450 ಕಿಲೋಗ್ರಾಂ ತೂಕದ ಕುದುರೆಯ ಪ್ರಾಣಕ್ಕೆ 900 ಮಿಲಿಗ್ರಾಂ, ಎಂದರೆ ಒಂದು ಗ್ರಾಮಿಗಿಂತಲೂ ಕಡಿಮೆ. ಈ ವಿಷಕ್ಕೆ ಪ್ರತ್ಯೌಷಧವಿಲ್ಲ. ಹೃದಯದ ಸ್ನಾಯು ಹಾಳಾಗುವುದರಿಂದ ಬದುಕುಳಿದ ಕುದುರೆಯೂ ಹಲವು ದಿನಗಳ ನಂತರ ಓಡುವಾಗ ಕುಸಿದು ಬೀಳಬಹುದು. ಕೋಳಿ ಮತ್ತು ದನಗಳ ಆಹಾರ ತಯಾರಿಸುವ ಗಿರಣಿಯಲ್ಲಿಯೇ ಕುದುರೆಯ ಹಿಂಡಿ ಬೂಸಾ ಬೆರೆಸಿದಲ್ಲಿ ಹಿಂದಿನ ತಯಾರಿಕೆಯ ಶೇಷ ಯಂತ್ರದಲ್ಲಿ ಉಳಿದು ಬರುತ್ತದೆ. ಉಳಿದ ಕೋಳಿ ಆಹಾರವನ್ನು ವ್ಯರ್ಥವಾಗಬಾರದೆಂದು ಕುದುರೆಗೆ ಸುರಿಯುವುದು ಉಳಿತಾಯವಲ್ಲ.

ದನಕರುಗಳ ಉಣ್ಣೆ ನಿವಾರಣೆಗೆ ಬಳಸುವ ಅಮಿಟ್ರಾಜ್ ದ್ರಾವಣವನ್ನು ಕುದುರೆಯ ಮೈಮೇಲೆ ಸಿಂಪಡಿಸಲೇಬಾರದು. ಇದರಿಂದ ಕರುಳಿನ ಚಲನೆ ನಿಂತು, ಲದ್ದಿ ಕಟ್ಟಿಕೊಂಡು ಪ್ರಾಣಾಂತಿಕ ಹೊಟ್ಟೆಶೂಲೆ ಉಂಟಾಗುತ್ತದೆ. ಹಸುವಿಗೆ ಒಗ್ಗಿದ ಔಷಧ ಕುದುರೆಗೂ ಒಗ್ಗುತ್ತದೆಂಬ ಎಣಿಕೆಯೇ ಈ ಅನಾಹುತದ ಮೂಲ.

ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿರುವ ಫ್ಯುಮೋನಿಸಿನ್ ಎಂಬ ಶಿಲೀಂಧ್ರ ವಿಷವು ಕುದುರೆಯ ಮಿದುಳನ್ನು ಕರಗಿಸುತ್ತದೆ. ಕಣಗಲೆಯ ಎಲೆ ಒಣಗಿದ ಮೇಲೂ ವಿಷವಾಗಿಯೇ ಉಳಿಯುತ್ತದೆ. ಬೇಲಿ ಸವರಿದ ಕಸವನ್ನು ಲಾಯದ ಬಳಿ ಹಾಕಬಾರದು. ಹರಳುಬೀಜ ಹಾಗೂ ಅದರ ಹಿಂಡಿಯೂ ಅಪಾಯಕರ. ಮೇವಿನ ಹೊಲದಲ್ಲಿ ಬೆಳೆದ ದತ್ತೂರಿಯು ಹುಲ್ಲಿನ ಕಂತೆಯೊಡನೆ ಬಂದಲ್ಲಿ ಕುದುರೆಗೆ ವಿಷವೂ ಆಗುತ್ತದೆ, ಅದರಲ್ಲಿನ ಅಟ್ರೋಪಿನ್ ಮತ್ತು ಸ್ಕೊಪೊಲಮಿನ್‌ಗಳಿಂದ ಪಂದ್ಯದ ಮಾದರಿಯೂ ಕೆಡುತ್ತದೆ. ಮಲೆನಾಡಿನಿಂದ ಅಗ್ಗಕ್ಕೆ ದೊರೆಯುವ ಕಾಫಿ ಸಿಪ್ಪೆಯಲ್ಲಿ ಕೆಫೀನ್, ಕೋಕೋ ಸಿಪ್ಪೆಯಲ್ಲಿ ಥಿಯೋಬ್ರೊಮಿನ್ ಇರುತ್ತದೆ. ಇವುಗಳನ್ನು ಪಂದ್ಯದ ಕುದುರೆಗಳಿಗೆ ಮೇವಾಗಿಯಾಗಲಿ ಹಾಸಾಗಿಯಾಗಲಿ ಬಳಸತಕ್ಕದ್ದಲ್ಲ.

ಟಾನಿಕ್‌ಗಳ ಹೆಸರಿನಲ್ಲಿ ಆದ ಎರಡು ದುರಂತಗಳನ್ನು ಇಲ್ಲಿ ಉಲ್ಲೇಖಿಸುವುದು ಉಚಿತ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಮನೆಮಾತಾಗಿದ್ದ ಫಾರ್ ಲ್ಯಾಪ್ ಎಂಬ ಕುದುರೆ 1930ರ ಮೆಲ್ಬೋರ್ನ್ ಕಪ್ ಗೆದ್ದು, 1932ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದಲ್ಲಿ ಹಠಾತ್ತನೆ ಮರಣ ಹೊಂದಿತು. ಮೆಲ್ಬೋರ್ನಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿರುವ ಅದರ ಚರ್ಮದ ಕೇಸರ ಕೂದಲನ್ನು 2006ರಲ್ಲಿ ಪರೀಕ್ಷೆಗೆ ಒಳಪಡಿಸಿದಾಗ, ಸಾವಿಗೆ 30ರಿಂದ 40 ಗಂಟೆಗಳ ಮುನ್ನ ಹೆಚ್ಚಿನ ಪ್ರಮಾಣದ ಆರ್ಸೆನಿಕ್ ದೇಹ ಸೇರಿತ್ತೆಂದು ತಿಳಿದುಬಂದಿತು. ಅದನ್ನು ವೈರಿಗಳು ನೀಡಿದರೋ, ಆ ಕಾಲದಲ್ಲಿ ಎಲ್ಲ ಲಾಯಗಳಲ್ಲಿ ನೀಡುತ್ತಿದ್ದ ಆರ್ಸೆನಿಕ್ ಟಾನಿಕ್‌ನ ಅಳತೆ ತಪ್ಪಿತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅದರ ತರಬೇತುದಾರರ ಟಾನಿಕ್ ಸೂತ್ರಗಳ ಕೈಬರಹದ ಪುಸ್ತಕದಲ್ಲಿ ಆರ್ಸೆನಿಕ್ ಮತ್ತು ಸ್ಟ್ರಿಕ್ನಿನ್ ಎರಡೂ ಇವೆ.

ಇನ್ನೊಂದು ಘಟನೆ 2009ರ ಏಪ್ರಿಲ್‌ನದು. ಅಮೆರಿಕದ ಫ್ಲಾರಿಡಾದಲ್ಲಿ ಪೋಲೋ ಪಂದ್ಯಕ್ಕೆ ಸಜ್ಜಾಗಿದ್ದ ತಂಡವೊಂದರ 21 ಕುದುರೆಗಳು ಅಲ್ಪಾವಧಿಯಲ್ಲಿ ಒಂದರ ಹಿಂದೊಂದು ಸತ್ತವು. ಬಳಲಿಕೆ ನೀಗಲೆಂದು ನೀಡಿದ, ಔಷಧಾಲಯದಲ್ಲಿ ಬೇಡಿಕೆಯ ಮೇರೆಗೆ ಬೆರೆಸಿ ತಯಾರಿಸಿದ ಪೂರಕದಲ್ಲಿ ಸೆಲೆನಿಯಂ ಅಂಶ ಮಿತಿ ಮೀರಿತ್ತು. ಯಾರಿಗೂ ಕೇಡಿನ ಉದ್ದೇಶವಿರಲಿಲ್ಲ; ಮಿಶ್ರಣದ ಒಂದು ಅಂಕಿ ತಪ್ಪಿತ್ತು. ಹೆಸರು, ತಯಾರಿಕೆಯ ದಿನಾಂಕ, ಘಟಕಾಂಶಗಳ ಪ್ರಮಾಣ ನಮೂದಿಸದ ಟಾನಿಕ್ ಬಾಟಲಿಗಳನ್ನು ಕೊಳ್ಳದಿರಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ವಿಷಬಾಧೆಯ ಸಂಶಯ ಬಂದಾಗ

ಆರೋಗ್ಯವಂತ ಕುದುರೆಯ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44, ಉಸಿರಾಟ 8ರಿಂದ 16, ದೇಹದ ಉಷ್ಣತೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಮೇವು ಬಿಡುವುದು, ವಿಪರೀತ ಬೆವರು, ನಡುಕ, ಹಿಂಗಾಲು ತೂರಾಡುವುದು, ಕಪ್ಪು ಬಣ್ಣದ ಮೂತ್ರ, ಹೊಟ್ಟೆಯತ್ತ ತಿರುಗಿ ನೋಡುವುದು, ನೆಲದಲ್ಲಿ ಹೊರಳಾಡುವುದು ಕಂಡುಬಂದಲ್ಲಿ ಕೂಡಲೇ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಅಥವಾ ಸಂಚಾರಿ ಪಶುಚಿಕಿತ್ಸಾ ಸೇವೆಯ ಸಹಾಯವಾಣಿ 1962ನ್ನು ಸಂಪರ್ಕಿಸಬೇಕು.

ಕುದುರೆಯು ವಾಂತಿ ಮಾಡಲಾರದ ಪ್ರಾಣಿ. ಹೊಟ್ಟೆ ಸೇರಿದ ವಿಷವನ್ನು ಅದು ಹೊರಹಾಕಲಾರದು. ವಾಂತಿ ಮಾಡಿಸುವ ಮನೆಮದ್ದುಗಳು ನಿಷ್ಪ್ರಯೋಜಕ. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ ಮುಂತಾದುವನ್ನು ಬಲವಂತವಾಗಿ ಸುರಿದಲ್ಲಿ ಅದು ಶ್ವಾಸಕೋಶಕ್ಕೆ ಇಳಿದು, ವಿಷದಿಂದ ಬದುಕಬಹುದಾಗಿದ್ದ ಕುದುರೆಯೂ ಸಾಯಬಹುದು. ವೈದ್ಯರು ಬರುವವರೆಗೆ ಮಾಡಬೇಕಾದುದು ಇಷ್ಟೇ: ಸಂಶಯವಿರುವ ಮೇವನ್ನು ಎಲ್ಲ ಕುದುರೆಗಳ ಮುಂದಿನಿಂದಲೂ ತೆಗೆಯುವುದು, ಶುದ್ಧ ನೀರು ಇಡುವುದು, ಕುದುರೆಯನ್ನು ನಡೆಸದೆ ನೆರಳಿನಲ್ಲಿ ನಿಲ್ಲಿಸುವುದು. ಮೊನೆನ್ಸಿನ್ ಸಂಶಯವಿದ್ದಲ್ಲಿ ಪಕ್ಕದ ಲಾಯಕ್ಕೆ ನಡೆಸಿಕೊಂಡು ಹೋಗುವ ಶ್ರಮವೂ ಹೃದಯಕ್ಕೆ ಹೆಚ್ಚಾಗಬಹುದು.

ಮೇವನ್ನು ತೆಗೆಯುವುದೆಂದರೆ ತಿಪ್ಪೆಗೆ ಎಸೆಯುವುದಲ್ಲ. ಅದರಿಂದ ಒಂದೆರಡು ಕಿಲೋಗ್ರಾಂ ಮಾದರಿಯನ್ನು ಒಣ ಚೀಲದಲ್ಲಿ ಕಟ್ಟಿ, ಮೂಲ ಚೀಲದ ಮೇಲಿನ ಚೀಟಿ ಹಾಗೂ ಖರೀದಿ ರಸೀದಿಯೊಂದಿಗೆ ತೆಗೆದಿರಿಸಬೇಕು. ಕುದುರೆಯು ಮೃತಪಟ್ಟಲ್ಲಿ ಹೂಳುವ ಮೊದಲೇ ಮರಣೋತ್ತರ ಪರೀಕ್ಷೆಗಾಗಿ ಪಶುವೈದ್ಯಾಧಿಕಾರಿಗಳಿಗೆ ಲಿಖಿತ ಮನವಿ ನೀಡತಕ್ಕದ್ದು. ವಿಷಪರೀಕ್ಷೆಯ ಅಂಗಾಂಶಗಳನ್ನು ಗಾಢ ಉಪ್ಪುನೀರಿನಲ್ಲಿ ಕಾಪಾಡಬೇಕು. ಫಾರ್ಮಲಿನ್‌ನಲ್ಲಿ ಇಟ್ಟ ಮಾದರಿ ವಿಷಪರೀಕ್ಷೆಗೆ ಒದಗುವುದಿಲ್ಲ. ಯಾರಾದರೂ ವಿಷವಿಕ್ಕಿರುವ ಸಂಶಯವಿದ್ದಲ್ಲಿ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನು ಮನವಿಯೊಂದಿಗೆ ಲಗತ್ತಿಸಬೇಕು. ವಿಮೆ ಮಾಡಿಸಿದ ಕುದುರೆಯಾಗಿದ್ದಲ್ಲಿ ವಿಮಾ ಸಂಸ್ಥೆಗೂ ಅದೇ ದಿನ ತಿಳಿಸುವುದು ಉತ್ತಮ.

ಕಾನೂನಿನ ಉಪಬಂಧಗಳು

ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ 11ನೇ ಪ್ರಕರಣದ ಮೇರೆಗೆ ಯಾವುದೇ ಪ್ರಾಣಿಗೆ ಹಾನಿಕರ ಔಷಧವನ್ನು ಅಥವಾ ವಸ್ತುವನ್ನು ಬುದ್ಧಿಪೂರ್ವಕವಾಗಿ, ಸಕಾರಣವಿಲ್ಲದೆ ನೀಡುವುದು ಅಪರಾಧವಾಗಿರುತ್ತದೆ. ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದು. ಇದು ಪಂದ್ಯದ ಕುದುರೆಯ ಒಂದು ಹೊತ್ತಿನ ಮೇವಿಗೂ ಸಾಲದ ಮೊತ್ತವೆಂಬುದು ನಿಜ. ಆದರೆ ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ ಅಥವಾ ಅಂಗಹೀನಗೊಳಿಸುವ ಕೃತ್ಯಕ್ಕೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಪ್ರಕರಣದಡಿ 5 ವರ್ಷಗಳವರೆಗೆ ಕಾರಾವಾಸ, ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಸಾರ್ವಜನಿಕರಿಗೆ ಪ್ರವೇಶವಿರುವ ಅಶ್ವ ಸ್ಪರ್ಧೆಗಳ ಕುದುರೆಗಳು ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು, 2001ರ ವ್ಯಾಪ್ತಿಗೂ ಬರುತ್ತವೆ.

ಲಾಯದ ಔಷಧ ವಹಿ

ಪ್ರತಿ ಕುದುರೆಗೂ ಪುಟ ಸಂಖ್ಯೆಯುಳ್ಳ ಪ್ರತ್ಯೇಕ ವಹಿ ಇಡುವುದು ಅಪೇಕ್ಷಣೀಯ. ದಿನಾಂಕ ಮತ್ತು ವೇಳೆ, ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಪ್ರಮಾಣ, ನೀಡಿದ ಮಾರ್ಗ, ಕಾರಣ, ನೀಡಿದವರ ಸಹಿ ಹಾಗೂ ಸೂಚಿಸಿದ ನೋಂದಾಯಿತ ಪಶುವೈದ್ಯರ ಹೆಸರು ಅದರಲ್ಲಿರಬೇಕು. ಔಷಧ ದಾಸ್ತಾನಿಗೂ ಹಣದ ಪೆಟ್ಟಿಗೆಗೆ ಇಡುವಂತೆಯೇ ಜಮಾ ಖರ್ಚು ಬರೆದು, ಉಳಿಕೆಯನ್ನು ವಾರಕ್ಕೊಮ್ಮೆ ತಾಳೆ ನೋಡಬೇಕು. ಬೀಗ ಹಾಕಿದ ಕಪಾಟಿನಲ್ಲಿ ಮೂರು ಬಾಟಲಿ ಇರಬೇಕಾದಲ್ಲಿ ಎರಡೇ ಇದ್ದರೆ ಅದು ಪ್ರಯೋಗಾಲಯದ ವರದಿಗಿಂತ ಬಹಳ ಮೊದಲೇ ದೊರೆತ ಎಚ್ಚರಿಕೆ. ತಪ್ಪಾದ ನಮೂದನ್ನು ಅಳಿಸದೆ, ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು ಸಹಿ ಮಾಡಬೇಕು. ಪ್ರತಿ ತಂಡದ ಮೇವಿನ ಮಾದರಿಯೊಂದನ್ನು ಆ ತಂಡ ಮುಗಿದು ಒಂದು ತಿಂಗಳವರೆಗಾದರೂ ತೆಗೆದಿರಿಸುವುದು ಅಲ್ಪ ವೆಚ್ಚದ ರಕ್ಷಣೆ.

ನಿವೃತ್ತ ಕುದುರೆಯನ್ನು ಪಡೆಯುವವರಿಗೆ

ಪಂದ್ಯದಿಂದ ನಿವೃತ್ತಿಯಾದ ಕುದುರೆಗಳು ಸವಾರಿ ಶಾಲೆಗಳಿಗೆ ಹಾಗೂ ಖಾಸಗಿಯವರಿಗೆ ಕಡಿಮೆ ಬೆಲೆಗೆ, ಕೆಲವೊಮ್ಮೆ ಉಚಿತವಾಗಿಯೂ ದೊರೆಯುತ್ತವೆ. ಕೊಳ್ಳುವ ದಿನ ನೆಟ್ಟಗೆ ನಡೆದ ಕುದುರೆ ಕೆಲ ವಾರಗಳಲ್ಲಿ ಕುಂಟತೊಡಗಿದಲ್ಲಿ, ಕೀಲಿಗೆ ನೀಡಿದ್ದ ಸ್ಟೀರಾಯ್ಡ್‌ನ ಅಥವಾ ನೋವು ನಿವಾರಕದ ಪ್ರಭಾವ ಇಳಿದಿರುವ ಸಾಧ್ಯತೆ ಇದೆ. ಫಿನೈಲ್‌ಬ್ಯುಟಜೋನ್‌ನ ದೀರ್ಘ ಬಳಕೆಯಿಂದ ಜಠರದ ಹುಣ್ಣು ಮತ್ತು ಮೂತ್ರಪಿಂಡದ ಹಾನಿಯೂ ಉಂಟಾಗಿರಬಹುದು. ಇಂತಹ ಕುದುರೆಯ ಮೇಲೆ ಮಕ್ಕಳನ್ನು ಕೂರಿಸಿ ಸವಾರಿ ಕಲಿಸುವ ಶಾಲೆಯವರು ಇದನ್ನು ಹಗುರವಾಗಿ ಪರಿಗಣಿಸಬಾರದು.

ಆದಕಾರಣ ಹಸ್ತಾಂತರ ಪತ್ರದೊಂದಿಗೆ ಕುದುರೆಯ ಪಾಸ್‌ಪೋರ್ಟ್ ಹಾಗೂ ಕನಿಷ್ಠ ಹಿಂದಿನ ಆರು ತಿಂಗಳ ಔಷಧ ವಹಿಯ ದೃಢೀಕೃತ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು. ವಹಿ ಇಲ್ಲವೆಂದು ಮಾರಾಟಗಾರರು ತಿಳಿಸಿದಲ್ಲಿ ಅದನ್ನೇ ಹಸ್ತಾಂತರ ಪತ್ರದಲ್ಲಿ ಬರೆಸಿ ಸಹಿ ಪಡೆದು, ಕುದುರೆಯನ್ನು ಕೆಲಸಕ್ಕೆ ಹಚ್ಚುವ ಮೊದಲು ಪಶುವೈದ್ಯರಿಂದ ಕಾಲು, ಹೃದಯ ಹಾಗೂ ರಕ್ತದ ಪರೀಕ್ಷೆ ಮಾಡಿಸಬೇಕು. ಚಿಕಿತ್ಸೆ ಕೋರಿ ಪಶುವೈದ್ಯ ಸಂಸ್ಥೆಗೆ ಬರುವಾಗ ಈ ದಾಖಲೆಗಳ ಮೂಲ ಪ್ರತಿಗಳನ್ನು ತರುವುದು. ಜೆರಾಕ್ಸ್ ಪ್ರತಿಗಳನ್ನು ಸಂಸ್ಥೆಯಲ್ಲಿ ಉಳಿಸಿಕೊಂಡು ಮೂಲ ಪ್ರತಿಗಳನ್ನು ಪರಿಶೀಲನೆಯ ನಂತರ ಹಿಂಪಡೆಯಬಹುದು.